ಇಂದು ನಾವು ಇರುವ ಸ್ಥಳ

ನಾನು ಸಂಗಮ ಲಾಡ್ಜಿಗೆ ಕೆಲಸಕ್ಕೆ ಸೇರಿದ ವರ್ಷ ಅದು ಅರವತ್ತೊಂದು ಸಲ ಜಾಗ ಬದಲಿಸಿತ್ತು. ನಮ್ಮ ಊರಿನ ಲೆಕ್ಕದಲ್ಲಿ ಅದು ಹೆಚ್ಚೇನೂ ಅಲ್ಲ. ಇಲ್ಲಿ ಚಾವಣಿ ಇರುವುದೆಲ್ಲ ಸರಿಯುತ್ತದೆ; ಮರ, ಬಾವಿ, ಬಯಲು ಮಾತ್ರ ಇದ್ದಲ್ಲೇ ಇರುತ್ತವೆ. ಬೆಳಿಗ್ಗೆ ಎದ್ದವರು ಮೊದಲು ಕಿಟಕಿ ತೆರೆದು ಇವತ್ತು ಪಕ್ಕದಲ್ಲಿ ಯಾರು ಎಂದು ನೋಡುತ್ತಾರೆ, ಆಮೇಲೆ ಹಲ್ಲುಜ್ಜುತ್ತಾರೆ. ನೆರೆಯವರೊಡನೆ ಮನಸ್ತಾಪವಾದರೆ ಯಾರೂ ರಾಜಿಗೆ ಕೂರುವುದಿಲ್ಲ, ಒಂದು ವಾರ ಕಾಯುತ್ತಾರೆ. ಪಾತ್ರೆ ಎರವಲು ಕೊಟ್ಟವರು ಅದೇ ಸಂಜೆ ಕೇಳಿ ಪಡೆಯುತ್ತಾರೆ. ದೊಡ್ಡ ಕಟ್ಟಡಗಳು ಸೋಮಾರಿಗಳು. ಕಣ್ಣಿನ ಆಸ್ಪತ್ರೆ ನಾಲ್ಕೈದು ವರ್ಷಕ್ಕೊಮ್ಮೆ ಕದಲಿದರೆ ಅದೇ ಹೆಚ್ಚು.

ಆ ಆಸ್ಪತ್ರೆಯಿಂದಲೇ ನಮ್ಮ ಊರಿನ ಲಾಡ್ಜುಗಳು ಬದುಕಿದ್ದವು. ದೂರದ ಊರುಗಳಿಂದ ಕಣ್ಣಿನ ಪೊರೆಯವರು, ಗಾಯದವರು, ಅವರ ಜೊತೆಗೆ ಮಗಳೋ ತಮ್ಮನೋ ಬಂದು ಬಸ್ ಮೈದಾನದಲ್ಲಿ ಇಳಿಯುತ್ತಿದ್ದರು. ಅವರನ್ನು ಲಾಡ್ಜಿಗೆ ಕರೆತರುವುದು ಬುಡನ್ ಸಾಬರ ಕೆಲಸ. ಯಾವ ಲಾಡ್ಜು ಈ ಬೆಳಿಗ್ಗೆ ಎಲ್ಲಿಗೆ ಹೋಗಿದೆ ಎಂಬುದು ಆರು ಗಂಟೆಯ ಹೊತ್ತಿಗೆ ಅವರಿಗೆ ತಿಳಿದಿರುತ್ತಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು, ಇಳಿದವರ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹಿಂದೆ ನೋಡದೆ ನಡೆಯುತ್ತಿದ್ದರು. ಜನ ಅವರ ಬೆನ್ನು ನೋಡಿಕೊಂಡು ಹಿಂಬಾಲಿಸುತ್ತಿದ್ದರು.

ಆಮೇಲೆ ಬುಕಿಂಗ್ ಕಂಪನಿಯವರು ಬಂದರು. ಒಂದೇ ಮಳೆಗಾಲದಲ್ಲಿ ಎಲ್ಲ ಬದಲಾಯಿತು. ಬಸ್ಸಿನಿಂದ ಇಳಿದವರು ಬುಡನ್ ಸಾಬರ ಮುಖ ನೋಡುವುದನ್ನು ಬಿಟ್ಟು ಕೈಯಲ್ಲಿದ್ದ ಫೋನು ನೋಡತೊಡಗಿದರು. ನ್ಯೂ ವೈಭವ ಲಾಡ್ಜಿನವರು ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ತಮ್ಮ ಪುಟ ಮಾಡಿಸಿದರು. ಅವರ ಕೋಣೆಗಳು ತುಂಬಿದವು, ನಮ್ಮವು ಖಾಲಿ ಬಿದ್ದವು. ಲಾಡ್ಜಿನ ಮಾಲೀಕರಾದ ಚನ್ನವೀರಪ್ಪನವರು ಕೌಂಟರಿನ ಹಿಂದೆ ಕೂತು ಖಾಲಿ ಕೋಣೆಗಳ ಬೀಗದ ಕೈಗಳನ್ನು ನೋಡುತ್ತಾ ಒಂದು ದಿನ ನನ್ನನ್ನು ಕೇಳಿದರು, ನಿನಗೆ ಕಂಪ್ಯೂಟರ್ ಬರುತ್ತಲ್ಲ ವನಮಾಲಾ ಎಂದು. ಬರುತ್ತದೆ ಎಂದೆ. ಟೈಪಿಂಗ್ ಶಾಲೆಯಲ್ಲಿ ಕಲಿತಿದ್ದು ಅಷ್ಟಿಷ್ಟು. ಉಳಿದದ್ದನ್ನು ಹದಿನೈದು ದಿನ ತಲೆ ಕೆಡಿಸಿಕೊಂಡು ಕಲಿತೆ.

ಮೊದಲ ತೊಡಕು ವಿಳಾಸದ್ದು. ಲಾಡ್ಜು ಇರುವ ಸ್ಥಳಕ್ಕೆ ನಕ್ಷೆಯಲ್ಲಿ ಒಂದು ಗುರುತು ಹಾಕಿ ಎಂದು ಕಂಪನಿ ಕೇಳುತ್ತಿತ್ತು. ಒಮ್ಮೆ ಹಾಕಿದರೆ ಬದಲಿಸಲು ಮೂರು ದಿನ, ಅಷ್ಟರಲ್ಲಿ ನಾವು ಇನ್ನೆಲ್ಲೋ. ಕೊನೆಗೆ ಗುರುತನ್ನು ಬಸ್ ಮೈದಾನದ ಮೇಲೆ ಹಾಕಿ, ನಮ್ಮ ಪುಟದ ತಲೆಯ ಮೇಲೆ ಒಂದು ಸಾಲು ಸೇರಿಸಿದೆ: 'ಇಂದು ನಾವು ಇರುವ ಸ್ಥಳ'. ದಿನಾ ಬೆಳಿಗ್ಗೆ ತಾರಸಿ ಹತ್ತಿ ಸುತ್ತ ನೋಡಿ, ಕಂಡದ್ದನ್ನು ಅದರ ಮುಂದೆ ಬರೆಯುತ್ತಿದ್ದೆ. ಜೋಡಿ ಹುಣಸೆಮರದ ಎಡಕ್ಕೆ, ನೀಲಿ ನೀರಿನ ಟ್ಯಾಂಕಿನ ಮನೆಯ ಪಕ್ಕ. ಹಳೆ ಸುಣ್ಣದ ಗೂಡಿನ ಎದುರು, ಮೆಟ್ಟಿಲುಬಾವಿಯಿಂದ ಇನ್ನೂರು ಹೆಜ್ಜೆ. ಜನಕ್ಕೆ ಇದು ಹಿಡಿಸಿತು. ಕಣ್ಣಿನ ತೊಂದರೆ ಇಲ್ಲದವರೂ ಕೆಲವರು ಆ ಸಾಲು ಓದುವ ಆಸೆಗೇ ಪುಟ ತೆರೆಯುತ್ತಿದ್ದರಂತೆ. ಕೋಣೆಗಳು ತುಂಬಿದವು. ಬುಡನ್ ಸಾಬರಿಗೆ ಬರಬೇಡಿ ಎಂದು ಯಾರೂ ಹೇಳಲಿಲ್ಲ. ಅವರೇ ಬರುವುದನ್ನು ನಿಲ್ಲಿಸಿದರು. ಮೈದಾನದ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಸೀಬೆಹಣ್ಣು ಮಾರತೊಡಗಿದರು. ಆ ಕಡೆ ಹೋಗಬೇಕಾದಾಗ ನಾನು ಬಳಸುದಾರಿ ಹಿಡಿಯುತ್ತಿದ್ದೆ.

ಕೋಣೆಗಳು ತುಂಬಿದ ಮೇಲೆ ನೆಮ್ಮದಿ ಸಿಗಬೇಕಿತ್ತು, ಸಿಗಲಿಲ್ಲ. ಚನ್ನವೀರಪ್ಪನವರು ಕೆಟ್ಟವರಲ್ಲ, ಆದರೆ ಗಂಟೆಗೆ ನಾಲ್ಕು ಸಲ ನನ್ನ ಹಿಂದೆ ಬಂದು ಪರದೆ ಇಣುಕುತ್ತಿದ್ದರು. ಕಂಪನಿಯ ಪಟ್ಟಿಯಲ್ಲಿ ವೈಭವದವರು ಎಷ್ಟನೆಯವರು, ನಾವು ಎಷ್ಟನೆಯವರು. ನನಗೂ ಅದೇ ಅಂಟಿತು. ಊಟದ ತಟ್ಟೆಯ ಪಕ್ಕ ಫೋನು, ಸ್ನಾನದ ಮನೆಯ ಗೂಡಿನಲ್ಲಿ ಫೋನು. ಅಕ್ಕನ ಮನೆಯಲ್ಲಿದ್ದರೆ ದಿನಾ ಲಾಡ್ಜು ಹುಡುಕಿಕೊಂಡು ಬರುವುದರಲ್ಲೇ ಹೊತ್ತು ಹೋಗುತ್ತದೆಂದು ಲಾಡ್ಜಿನ ಕೆಳಗಿನ ಒಂದು ಕೋಣೆಗೇ ಬಂದುಬಿಟ್ಟೆ. ಒಮ್ಮೆ ನಮ್ಮ ಲಾಡ್ಜು ನಾಲ್ಕು ದಿನ ಕೆರೆ ದಂಡೆಯ ಮೇಲೆ ನಿಂತಿತ್ತು. ಏಳನೇ ಕೋಣೆಯ ಕಿಟಕಿಯಿಂದ ಕೆರೆಯ ಫೋಟೋ ತೆಗೆದು ಹಾಕು ಎಂದರು ಚನ್ನವೀರಪ್ಪನವರು. ನಾಲ್ಕು ದಿನದ ಮಟ್ಟಿಗೆ ಅದು ಸುಳ್ಳಲ್ಲವಲ್ಲ ಎಂದು ಹಾಕಿದೆ. ಆಮೇಲೆ ಅದನ್ನು ತೆಗೆಯಲಿಲ್ಲ.

ಆಮೇಲೆ ಒಂದು ಸಂಗತಿ ಗೊತ್ತಾಯಿತು. ಬೆಳಗಿನ ನಾಲ್ಕು ಗಂಟೆಗೆ ಯಾರು ತಮ್ಮ ಪುಟವನ್ನು ಹೊಸದು ಮಾಡುತ್ತಾರೋ ಅವರ ಹೆಸರನ್ನು ಕಂಪನಿ ಪಟ್ಟಿಯಲ್ಲಿ ಮೇಲೆ ತೋರಿಸುತ್ತಿತ್ತು. ವೈಭವದವರು ಹಾಗೆ ಮಾಡುತ್ತಿದ್ದರು. ಮನೆಗಳು ಸರಿಯುವುದು ಬೆಳಕು ಹರಿಯುವ ಹೊತ್ತಿಗೆ. ಹಾಗಾಗಿ ನಾಲ್ಕು ಗಂಟೆಗೆ ಹಾಕುವ ಸಾಲು ನಿನ್ನೆಯ ಜಾಗದ್ದೇ ಆಗಿರಬೇಕು. ನಾನು ಹಿಂದಿನ ಸಂಜೆಯೇ ಸಾಲು ಬರೆದು, ನಾಲ್ಕಕ್ಕೆ ತಾನಾಗಿ ಹೋಗುವಂತೆ ಇಟ್ಟು ಮಲಗತೊಡಗಿದೆ. ವಾರದಲ್ಲಿ ಐದಾರು ದಿನ ಅದು ಸರಿಯಾಗಿಯೇ ಇರುತ್ತಿತ್ತು. ತಪ್ಪಾದ ದಿನ ಆರಕ್ಕೆ ತಾರಸಿ ಹತ್ತಿ ತಿದ್ದುತ್ತಿದ್ದೆ. ಎರಡು ಗಂಟೆಯಲ್ಲಿ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೌನೇಶಾಚಾರಿ ಮತ್ತು ಕಾಳಮ್ಮ ಬಂದದ್ದು ಫಾಲ್ಗುಣದ ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಆಚಾರಿ ಬಡಗಿ, ಅರವತ್ತರ ಮೇಲಿನ ವಯಸ್ಸು. ಕಾಳಮ್ಮನಿಗೆ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು, ಉಳಿದ ಒಂದಕ್ಕೆ ಆಪರೇಷನ್. ದೂರದ ಊರಿನಲ್ಲಿದ್ದ ಮಗಳು ನಮ್ಮ ಪುಟ ನೋಡಿ ಕೋಣೆ ಕಾದಿರಿಸಿದ್ದಳು. ಆ ವಾರ ನಾವು ಆಸ್ಪತ್ರೆಯ ಪಕ್ಕದಲ್ಲೇ ಇದ್ದೆವು. ನನ್ನ ಸಾಲು ಹೀಗಿತ್ತು: 'ಆಸ್ಪತ್ರೆಯ ಹಿಂಬಾಗಿಲಿನಿಂದ ಐವತ್ತು ಹೆಜ್ಜೆ, ಒಂಟಿ ಗಸಗಸೆ ಮರದ ನೆರಳಿನಲ್ಲಿ.' ಮಗಳು ಅದನ್ನು ಅಪ್ಪನಿಗೆ ಓದಿ ಹೇಳಿ, ಫೋನಿನಲ್ಲಿ ಆ ಪುಟ ತೆರೆಯುವುದನ್ನೂ ಕಲಿಸಿ ಕಳಿಸಿದ್ದಳು. ಆಪರೇಷನ್ ಆಗಿ ಮಾರನೆಯ ದಿನ ಪಟ್ಟಿ ಬಿಚ್ಚುವುದಿತ್ತು. ಆ ಒಂದು ರಾತ್ರಿ ಕೋಣೆಯಲ್ಲೇ ಮಲಗಿರಲಿ ಎಂದು ಡಾಕ್ಟರು ಕಳಿಸಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಂತು, ಆಚಾರಿ ಅವಳನ್ನು ಕೈಹಿಡಿದು ಒಂಬತ್ತನೇ ಕೋಣೆಗೆ ಕರೆತಂದರು.

ಮಾರನೆಯ ಬೆಳಿಗ್ಗೆ ನಾನು ತಾರಸಿ ಹತ್ತಲಿಲ್ಲ. ಏಳುವ ಮೊದಲೇ ಫೋನಿನಲ್ಲಿ ಒಂದು ದೂರು ಬಂದಿತ್ತು. ಕೆರೆಯ ಫೋಟೋ ನೋಡಿ ಬಂದವರೊಬ್ಬರಿಗೆ ಕಿಟಕಿಯ ಹೊರಗೆ ಗೊಬ್ಬರದ ಗೋದಾಮು ಸಿಕ್ಕಿತ್ತಂತೆ. ಅದಕ್ಕೆ ನಯವಾಗಿ ಉತ್ತರ ಬರೆಯುತ್ತಾ, ಅಳಿಸುತ್ತಾ, ಮತ್ತೆ ಬರೆಯುತ್ತಾ ಕೂತೆ. ಅಷ್ಟರಲ್ಲಿ ಹನ್ನೆರಡು ಜನರ ಒಂದು ಗುಂಪು ಕೋಣೆ ಕೇಳಿತು. ಒಂಬತ್ತು ಗಂಟೆಗೆ ಚಹಾ ತೆಗೆದುಕೊಂಡು ಕಾಳಮ್ಮನ ಕೋಣೆಗೆ ಹೋದಾಗ ಅವಳು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು.

"ನಿನ್ನೆ ಹೊರಗೆ ಆಸ್ಪತ್ರೆ ಗಾಡಿಗಳ ಸದ್ದಿತ್ತು. ಇವತ್ತು ಇಲ್ಲ. ನಾವು ಎಲ್ಲಿದೀವಿ ತಾಯಿ?" ಎಂದಳು.

ಆಚಾರಿ ಬೆಳಕು ಹರಿಯುವ ಮುನ್ನ ಆಸ್ಪತ್ರೆಯ ಔಷಧಿ ಅಂಗಡಿಗೆ ಹೋದವರು ಮರಳಿರಲಿಲ್ಲ. ರಾತ್ರಿ ಕಾಳಮ್ಮನಿಗೆ ಕಣ್ಣಿನೊಳಗೆ ಒತ್ತಿದಂತೆ ನೋಯುತ್ತಿತ್ತಂತೆ. ನೋವು ಹೆಚ್ಚಾದರೆ ಕೊಡಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದ ಮಾತ್ರೆ ತರಲು ಹೋಗಿದ್ದರು. ನಾನು ಕಿಟಕಿಯ ಹತ್ತಿರವೂ ಹೋಗದೆ, ಬಾಯಿಗೆ ರೂಢಿಯಾಗಿದ್ದ ಮಾತುಗಳನ್ನು ಹೇಳತೊಡಗಿದೆ. ಊರಿನ ಪ್ರಶಾಂತ ಭಾಗ, ಹಸಿರು ಪರಿಸರ, ಒಳ್ಳೆಯ ಗಾಳಿ ಎಂದೆಲ್ಲ.

ಕಾಳಮ್ಮ ತಲೆ ಆಡಿಸಿದಳು. "ಅದನ್ನೆಲ್ಲ ನನ್ನ ಮಗಳು ಓದಿ ಹೇಳಿದ್ಲು. ನೀನು ಕಿಟಕೀಲಿ ಕಾಣೋದು ಹೇಳು."

ಕಿಟಕಿಗೆ ಹೋದೆ. ಎದುರಿಗೆ ಒಂದು ಬೇವಿನ ಮರ, ಅದರ ಬುಡದಲ್ಲಿ ಒಡೆದ ಸಿಮೆಂಟ್ ತೊಟ್ಟಿ, ಆಚೆಗೆ ಬರೀ ಬಯಲು. ಬಯಲಿನಲ್ಲಿ ಯಾರೋ ಕತ್ತೆಗಳನ್ನು ಬಿಟ್ಟಿದ್ದರು. ಹಾಗೆಯೇ ಹೇಳಿದೆ. ಆಸ್ಪತ್ರೆ ಕಾಣುತ್ತದೆಯೇ ಎಂದು ಕೇಳಿದಳು. ಕಾಣುವುದಿಲ್ಲ, ಎರಡು ಮೈಲಿ ದೂರ ಇರಬಹುದು ಎಂದೆ. ಹಾಗಾದರೆ ಅವರಿಗೆ ಬಿಸಿಲು ಬಹಳ ತಾಗುತ್ತದೆ ಎಂದಳು.

ನಾನು ಓಡಿಹೋಗಿ ಸಾಲು ತಿದ್ದಿದೆ. ಆಚಾರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಒಂಬತ್ತನೇ ಕೋಣೆಯ ಪ್ಲಗ್ಗು ಸಡಿಲ. ಸರಿಮಾಡಿಸಬೇಕೆಂದು ತಿಂಗಳಿಂದ ಅಂದುಕೊಂಡಿದ್ದೆ. ರಾತ್ರಿಯೆಲ್ಲ ಚಾರ್ಜು ಏರಿರಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಔಷಧಿ ಅಂಗಡಿಯವನು, ಆ ಯಜಮಾನರು ಆರಕ್ಕೆ ಮುಂಚೆಯೇ ಮಾತ್ರೆ ಕೊಂಡು ಹೋದರು ಎಂದ. ಇನ್ನೊಮ್ಮೆ ಕೊಡಿ ಎಂದರೆ ಚೀಟಿ ಬೇಕು ಎಂದ. ಆಸ್ಪತ್ರೆಯ ಕೌಂಟರಿನವರು ರೋಗಿಯನ್ನೇ ಕರೆತನ್ನಿ ಎಂದರು. ಬಸ್ ಮೈದಾನದ ಈ ತುದಿ, ಸಂತೆಕಟ್ಟೆ, ಸುಣ್ಣದ ಗೂಡು ಎಲ್ಲ ತಿರುಗಿ ಹನ್ನೊಂದಕ್ಕೆ ಮರಳಿದರೆ ಕಾಳಮ್ಮ ಒಮ್ಮೆ ವಾಂತಿ ಮಾಡಿಕೊಂಡಿದ್ದಳು. ಹಣೆಯ ಒಂದು ಭಾಗ ಸಿಡಿದು ಹೋಗುತ್ತಿದೆ ಎನ್ನುತ್ತಿದ್ದಳು. ಚನ್ನವೀರಪ್ಪನವರು ತಮ್ಮ ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದರು. ಆದರೆ ಅವಳು ಮಂಚದ ಕಾಲು ಹಿಡಿದುಕೊಂಡು ಕೂತುಬಿಟ್ಟಿದ್ದಳು.

"ಇಬ್ಬರೂ ಹುಡುಕಕ್ಕೆ ಹೊರಟ್ರೆ ಸಿಗಲ್ಲ. ಒಬ್ಬರು ಕೂತಿರಬೇಕು," ಎಂದಳು. "ಅವರು ಬಂದಾಗ ನಾನು ಇಲ್ಲಿ ಇಲ್ಲದಿದ್ರೆ ಮತ್ತೆ ಹುಡುಕ್ತಾ ಹೋಗ್ತಾರೆ."

ಅವಳು ಕೂತಿದ್ದರೂ ಅವಳ ಕೆಳಗಿನ ನೆಲವೇ ಹೋಗಿಬಿಟ್ಟಿದೆ ಎಂದು ಹೇಗೆ ಹೇಳಲಿ. ಅಂಗಲಾಚಿದೆ, ಗದರಿಸಿದೆ. ಅವಳು ಅಲುಗಾಡಲಿಲ್ಲ. ನನ್ನ ಫೋನು ಮೂರು ಸಲ ಸದ್ದು ಮಾಡಿತು, ಮೂರು ಹೊಸ ಬುಕಿಂಗ್. ಮೊದಲ ಬಾರಿಗೆ ಅವನ್ನು ತೆರೆದು ನೋಡಲಿಲ್ಲ. ಫೋನನ್ನು ಕೌಂಟರಿನ ಮೇಲೆ ಬಿಟ್ಟು, ಆ ಊರಿನಲ್ಲಿ ಯಾರನ್ನು ನೋಡಲು ನಾಚುತ್ತಿದ್ದೆನೋ ಅವರ ಹತ್ತಿರಕ್ಕೇ ಹೊರಟೆ.

ಬುಡನ್ ಸಾಬರು ಗೋಣಿಚೀಲದ ನೆರಳಿನಲ್ಲಿ ಕೂತು ಸೀಬೆಹಣ್ಣಿನ ಮೇಲೆ ನೀರು ಚಿಮುಕಿಸುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎಲ್ಲೆಲ್ಲಿ ಹುಡುಕಿದೆ ಎಂದು ಪಟ್ಟಿ ಕೊಟ್ಟೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬೆಳಿಗ್ಗೆ ನೀನು ಏನು ಬರೆದಿದ್ದೆ?" ಎಂದು ಕೇಳಿದರು.

ಆಸ್ಪತ್ರೆಯ ಹಿಂಬಾಗಿಲಿನಿಂದ ಐವತ್ತು ಹೆಜ್ಜೆ, ಗಸಗಸೆ ಮರದ ಕೆಳಗೆ ಎಂದೆ.

"ಅಲ್ಲಿ ನೋಡಿದೆಯಾ?"

ಇಲ್ಲ ಎಂದೆ. ಆ ಸಾಲು ತಪ್ಪೆಂದು ನನಗೆ ಗೊತ್ತಿತ್ತಲ್ಲ. ಲಾಡ್ಜು ಅಲ್ಲಿಲ್ಲವೆಂದು ಗೊತ್ತಿದ್ದ ಮೇಲೆ ಅಲ್ಲಿ ಯಾಕೆ ಹುಡುಕಲಿ. ಆಸ್ಪತ್ರೆಯ ಮುಂಬಾಗಿಲಿನಿಂದಲೇ ಹೋಗಿ ಮುಂಬಾಗಿಲಿನಿಂದಲೇ ಬಂದಿದ್ದೆ.

ಬುಡನ್ ಸಾಬರು ಎದ್ದು ಲುಂಗಿ ಕೊಡವಿಕೊಂಡರು. "ಹಾಗಾದ್ರೆ ಅಲ್ಲೇ ಇರ್ತಾರೆ. ಬರೆದದ್ದನ್ನ ನಂಬೋ ಜನ ಅವರು," ಎಂದರು.

ಗಸಗಸೆ ಮರದ ಕೆಳಗೆ ಲಾಡ್ಜಿದ್ದ ಜಾಗಕ್ಕೆ ಹೆಂಚಿನ ಒಂದು ಸಣ್ಣ ಮನೆ ಬಂದು ನಿಂತಿತ್ತು. ಅದರ ಜಗಲಿಯ ಮೇಲೆ ಮೌನೇಶಾಚಾರಿ ಕೂತಿದ್ದರು. ಒಂದು ಕೈಯಲ್ಲಿ ಮಾತ್ರೆಯ ಪೊಟ್ಟಣ, ಇನ್ನೊಂದರಲ್ಲಿ ಚಹಾದ ಸ್ಟೀಲ್ ಡಬ್ಬಿ. ಬಿಸಿಲು ಜಗಲಿಯನ್ನು ಪೂರ್ತಿ ಹಿಡಿದಿತ್ತು. ಮನೆಯವರು ಒಳಗೆ ಕರೆದರೂ ಅವರು ಹೋಗಿರಲಿಲ್ಲವಂತೆ. ಆರಿಹೋಗುವ ಮುನ್ನ ಫೋನು ಇಲ್ಲೇ ಎಂದು ತೋರಿಸಿತ್ತು, ಈ ಮನೆಯ ಹಿಂದೆಯೋ ಒಳಗೋ ಲಾಡ್ಜು ಇರಬೇಕು, ಯಾರಾದರೂ ಬಂದು ಬಾಗಿಲು ತೋರಿಸುತ್ತಾರೆ ಎಂದು ಆರು ಗಂಟೆಯಿಂದ ಕಾಯುತ್ತಿದ್ದರು. ನನ್ನನ್ನು ಕಂಡೊಡನೆ ಎದ್ದು ನಿಂತರು.

"ತಡ ಆಯ್ತು ಅಂತ ಬೈತಾಳೇನೋ," ಎಂದರು.

ಅವರು ಹಾಗೆಂದಾಗ ನಾನು ಮುಖ ತಿರುಗಿಸಿಕೊಂಡು ಆಟೋ ಕರೆಯಲು ಓಡಿದೆ.

ಲಾಡ್ಜಿನ ಬಾಗಿಲಲ್ಲಿ ಅವರ ಕೆಮ್ಮು ಕೇಳಿದೊಡನೆ ಕಾಳಮ್ಮ ಮಂಚದ ಕಾಲು ಬಿಟ್ಟಳು. ಕೈ ಚಾಚಿದಳು. ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಕಣ್ಣಿನೊಳಗೆ ಒತ್ತಡ ಏರಿತ್ತು. ಅಂದು ಸಂಜೆಯವರೆಗೂ ಅವಳನ್ನು ಒಳಗೇ ಇಟ್ಟುಕೊಂಡರು. ಕಣ್ಣು ಉಳಿಯಿತು. ಆದರೆ ಪಟ್ಟಿ ಬಿಚ್ಚಿ ಎಂಟು ದಿನ ಕಳೆದರೂ ಎಲ್ಲವೂ ಹೊಗೆಯ ಹಿಂದೆ ಇದ್ದಂತೆ ಕಾಣುತ್ತಿತ್ತು. ಬೇಗ ಬಂದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಹೌದು ಎಂದಿದ್ದರೂ ಆಗುತ್ತಿತ್ತು, ಇಲ್ಲ ಎಂದಿದ್ದರೂ ಆಗುತ್ತಿತ್ತು. ಆ ಮಾತು ಹಿಡಿದುಕೊಂಡು ಎಷ್ಟು ಹಗಲು ಸುಮ್ಮನೆ ಮೆಟ್ಟಿಲು ಹತ್ತಿ ಇಳಿದೆನೋ ನನಗೇ ಗೊತ್ತಿಲ್ಲ.

ಹೊರಡುವ ದಿನ ಕಾಳಮ್ಮ ನನ್ನ ಗಲ್ಲ ಹಿಡಿದು ತನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಕತ್ತೆಗಳನ್ನು ಹೇಳಿದೆಯಲ್ಲ, ಅದು ಚೆನ್ನಾಗಿತ್ತು ಎಂದಳು. ಗಂಡ ಹೆಂಡತಿ ಯಾರೂ ದೂರು ಹೇಳಲಿಲ್ಲ. ಹೇಳಿದ್ದರೆ ನನಗೆ ಉತ್ತರ ಕೊಡುವುದು ಗೊತ್ತಿತ್ತು.

ದೂರು ಬರೆದವಳು ಮಗಳು. ವಾರದ ಮೇಲೆ ನಮ್ಮ ಪುಟದಲ್ಲಿ ಒಂದೇ ಒಂದು ನಕ್ಷತ್ರದ ಪಕ್ಕ ಅವಳ ಸಾಲು ಕಂಡಿತು: 'ಬರೆದ ಜಾಗದಲ್ಲಿ ಲಾಡ್ಜ್ ಇರಲಿಲ್ಲ.' ಅದನ್ನು ಚನ್ನವೀರಪ್ಪನವರು ನನಗಿಂತ ಮೊದಲೇ ನೋಡಿದ್ದರು. ಸ್ಥಳ ಬದಲಾಗಬಹುದು ಎಂದು ನಿಯಮದಲ್ಲಿ ತಿಳಿಸಿದ್ದೇವೆ, ಅತಿಥಿಗಳು ಗಮನಿಸಬೇಕಿತ್ತು ಎಂದು ಉತ್ತರ ಹಾಕು ಎಂದರು. ಅವರ ದನಿಯಲ್ಲಿ ಜೋರಿರಲಿಲ್ಲ, ಹೆದರಿಕೆ ಇತ್ತು. ನಾನು ಕೂತು ಬರೆದೆ. ಆ ಸಾಲನ್ನು ಬರೆದದ್ದು ನಾನು, ಹಿಂದಿನ ಸಂಜೆಯೇ, ನೋಡದೆ. ಎಲ್ಲರಿಗಿಂತ ಮೊದಲು ಕಾಣಿಸಿಕೊಳ್ಳಬೇಕೆಂಬ ಆಸೆಗೆ ಬರೆದೆ. ಒಂದು ಹೆಂಗಸಿನ ಉಳಿದ ಒಂದು ಕಣ್ಣಿಗೆ ಆಗಬೇಕಾದ ಆರೈಕೆ ಅದರಿಂದ ಏಳು ಗಂಟೆ ತಡವಾಯಿತು. ಏಳನೇ ಕೋಣೆಯ ಕಿಟಕಿಯಿಂದ ಕೆರೆಯೂ ಕಾಣುವುದಿಲ್ಲ. ಕೆಳಗೆ ನನ್ನ ಹೆಸರು ಹಾಕಿದೆ.

ಸಂಜೆಯೊಳಗೆ ಹನ್ನೊಂದು ಬುಕಿಂಗ್ ರದ್ದಾದವು. ಚನ್ನವೀರಪ್ಪನವರು ಬೈಯಲಿಲ್ಲ. ಪಾಸ್‌ವರ್ಡ್ ಒಂದು ಹಾಳೆಯಲ್ಲಿ ಬರೆದುಕೊಡು ಎಂದರು, ಬರೆದುಕೊಟ್ಟೆ. ಸ್ವಲ್ಪ ದಿನ ಅಕ್ಕನ ಮನೆಯಲ್ಲಿರು ಎಂದರು. ನನ್ನ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು, ಅಕ್ಕನ ಮನೆ ಹುಡುಕಲು ಮಾರನೆಯ ಮಧ್ಯಾಹ್ನ ಪೂರ್ತಿ ಅಲೆದೆ. ನನ್ನ ಉತ್ತರವನ್ನು ಅವರು ಅಳಿಸುತ್ತಾರೆಂದು ಮೂರು ದಿನ ಫೋನಿನಲ್ಲಿ ಗಂಟೆಗೊಮ್ಮೆ ನೋಡಿದೆ. ಅಳಿಸಲಿಲ್ಲ. 'ಇಂದು ನಾವು ಇರುವ ಸ್ಥಳ' ಮಾತ್ರ ಮೂರೂ ದಿನ ಖಾಲಿಯಾಗಿತ್ತು.

ನಾಲ್ಕನೆಯ ಬೆಳಿಗ್ಗೆ ಏಳು ಗಂಟೆಗೆ ಚನ್ನವೀರಪ್ಪನವರೇ ಫೋನು ಮಾಡಿದರು. ಅವರ ಏದುಸಿರು ಕೇಳುತ್ತಿತ್ತು. ತಾರಸಿ ಹತ್ತಿದ್ದರು, ಮೂವತ್ತು ವರ್ಷದಲ್ಲಿ ಮೊದಲ ಸಲ.

"ಸುತ್ತ ನೋಡ್ತಾ ಇದೀನಿ. ಒಂದು ಗುರುತೂ ಸಿಗ್ತಿಲ್ಲ," ಎಂದರು. "ಮೂರು ಜನ ಬರೋರಿದ್ದಾರೆ. ಏನು ಬರೀಲಿ?"

"ಗೊತ್ತಿಲ್ಲ ಅಂತ ಬರೀರಿ," ಎಂದೆ. "ಬಸ್ ಮೈದಾನದಲ್ಲಿ ನಿಲ್ಲಿ, ಬಂದು ಕರ್ಕೊಂಡು ಹೋಗ್ತೀವಿ ಅಂತ."

ಹಾಗೆ ಬರೆದರೆ ಯಾರು ಬರುತ್ತಾರೆ ಎಂದು ಕೇಳುತ್ತಾರೆಂದುಕೊಂಡೆ. ಅವರು ಕೇಳಿದ್ದು, ನೀನು ಮೈದಾನಕ್ಕೆ ಹೋಗುತ್ತೀಯಾ ಎಂದು.

ಹೋದೆ. ಹತ್ತರ ಬಸ್ಸಿನಿಂದ ಆ ಮೂವರು ಇಳಿದರು. ಕಪ್ಪು ಕನ್ನಡಕದ ಒಬ್ಬ ಅಜ್ಜ, ಅವನ ಸೊಸೆ, ಸೊಸೆಯ ತಾಯಿ. ಅಜ್ಜನ ಚೀಲವನ್ನು ನಾನು ಹೆಗಲಿಗೆ ಹಾಕಿಕೊಂಡೆ. ಅದು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಲಾಡ್ಜು ಎಲ್ಲಿದೆ ಎಂಬುದನ್ನು ಯಾರಿಂದ ತಿಳಿಯುವುದೆಂದು ಬುಡನ್ ಸಾಬರನ್ನು ಕೇಳಿದೆ. ಊರ ಹೊರಗಿನಿಂದ ಹಾಲು ತರುವವರು ಅಂಚಿನ ಬೀದಿಗಳನ್ನೆಲ್ಲ ದಾಟಿ ಬಂದಿರುತ್ತಾರೆ, ಅವರನ್ನು ಕೇಳು, ಅವರು ತೋರಿಸಿದ ಕಡೆ ಹೋಗಿ ಮುಂದಿನವರನ್ನು ಕೇಳು ಎಂದರು. ತಾವೂ ಯಾವತ್ತೂ ಅಷ್ಟೇ ಮಾಡಿದ್ದು ಎಂದರು.

ಹಾಲಿನವನೊಬ್ಬ ಉತ್ತರಕ್ಕೆ ಕೈ ತೋರಿಸಿದ. ಉತ್ತರದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಪಶ್ಚಿಮಕ್ಕೆ ತೋರಿಸಿದಳು. ಬಿಸಿಲು ಏರುತ್ತಿತ್ತು. ನನ್ನ ಹಿಂದೆ ಮೂವರ ಚಪ್ಪಲಿ ಸದ್ದು ಒಂದಕ್ಕೊಂದು ಹೊಂದದೆ ಬರುತ್ತಿತ್ತು. ಅಜ್ಜ ನಿಂತು ಉಸಿರು ತೆಗೆದುಕೊಂಡು, ಇನ್ನೂ ಬಹಳ ದೂರವೇ ಎಂದು ಕೇಳಿದ.

"ನನಗೂ ಗೊತ್ತಿಲ್ಲ ಅಜ್ಜ," ಎಂದು ಹಿಂದಕ್ಕೆ ತಿರುಗಿ ಅವನ ಕೈ ಹಿಡಿದುಕೊಂಡೆ. "ಬನ್ನಿ, ಈ ಮನೇಲಿ ಕೇಳೋಣ."